ಸ್ಟೌಟ್ ಬಿಯರ್ ಹಾಕಿ ಚಾಕೊಲೇಟ್ ಕೇಕ್: ನಮ್ಮ ಎತ್ತರಕ್ಕೆ, ನಮ್ಮ ಅಡುಗೆಮನೆಗೆ

ಸ್ಟೌಟ್ ಹಾಕಿದ ಚಾಕೊಲೇಟ್ ಕೇಕಿನಲ್ಲಿ ಬಿಯರ್ ವಾಸನೆ ಬರಬಾರದು. ಬಂದರೆ ಎಲ್ಲೋ ಹದ ತಪ್ಪಿದೆ ಎಂದೇ ತಿಳಿಯಿರಿ. ಸ್ಟೌಟ್‌ಗೆ ಆ ಕಪ್ಪು ಬಣ್ಣ ಬರುವುದು ಕಪ್ಪಗಾಗುವವರೆಗೆ ಹುರಿದ ಬಾರ್ಲಿಯಿಂದ. ಹುರಿದ ಕಾಳಿನ ಕಹಿ ಕೋಕೋದ ಕಹಿಯ ಜೊತೆ ಸೇರಿದಾಗ ಚಾಕೊಲೇಟ್ ಇನ್ನಷ್ಟು ಗಾಢವಾಗುತ್ತದೆ, ಅಷ್ಟು ಸಕ್ಕರೆ ಹಾಕಿದ್ದರೂ ಗಂಟಲು ಕಟ್ಟುವುದಿಲ್ಲ. ಜೊತೆಗೆ ಸ್ಟೌಟ್ ಸ್ವಲ್ಪ ಹುಳಿ. ಆ ಹುಳಿ ಅಡುಗೆ ಸೋಡಾವನ್ನು ಕೆಣಕಿ ಕೇಕ್ ಉಬ್ಬಿಸುವ ಕೆಲಸಕ್ಕೂ ನೆರವಾಗುತ್ತದೆ. ಇವೆರಡನ್ನು ಬಿಟ್ಟರೆ ಅದು ಕೇಕಿನ ಮಟ್ಟಿಗೆ ಒಂದು ದ್ರವ ಪದಾರ್ಥ, ಅಷ್ಟೆ.

ಯಾವ ಬಾಟಲಿ ತರಬೇಕು ಎನ್ನುವುದು ಮೊದಲ ಪ್ರಶ್ನೆ. ಹಾಸನ, ಚಿಕ್ಕಮಗಳೂರಿನ ವೈನ್ ಸ್ಟೋರ್‌ಗಳಲ್ಲಿ ಸಾಲಾಗಿ ನಿಂತಿರುವುದು ಬಹುಪಾಲು ಲಾಗರ್, ಅಂದರೆ ತಿಳಿ ಬಣ್ಣದ ಮಾಮೂಲಿ ಬಿಯರ್. 'ಸ್ಟ್ರಾಂಗ್' ಎಂದು ಬರೆದಿದ್ದಕ್ಕೂ ಸ್ಟೌಟ್‌ಗೂ ಸಂಬಂಧವಿಲ್ಲ. ಅದರಲ್ಲಿ ಆಲ್ಕೋಹಾಲ್ ಹೆಚ್ಚಿರುತ್ತದೆ, ಹುರಿದ ಬಾರ್ಲಿ ಇರುವುದಿಲ್ಲ. ಲೇಬಲ್ ಮೇಲೆ ಸ್ಟೌಟ್ ಎಂದೇ ಇರಬೇಕು. ಗಿನ್ನೆಸ್ ಡ್ರಾಫ್ಟ್‌ನಂಥ ಐರಿಷ್ ಡ್ರೈ ಸ್ಟೌಟ್ ಆದರೆ ಆಲ್ಕೋಹಾಲ್ ಶೇ 4.2ರ ಆಸುಪಾಸು, ಸಿಹಿ ಕಡಿಮೆ, ಕೇಕಿಗೆ ಹೇಳಿ ಮಾಡಿಸಿದ್ದು. ದೇಶದಲ್ಲೇ ತಯಾರಾಗುವ ಸಿಂಬಾ ಸ್ಟೌಟ್ ಕೂಡ ನಡೆಯುತ್ತದೆ. ಊರಿನಲ್ಲಿ ಸಿಗದಿದ್ದರೆ ಬೆಂಗಳೂರಿನಿಂದ ಬರುವವರಿಗೆ ಹೇಳಿ ತರಿಸುವುದು ವಾಸಿ. ಲಾಗರ್ ಹಾಕಿ ಮಾಡಿದರೆ ಕೇಕ್ ಆಗುತ್ತದೆ, ಆದರೆ ಹಾಕಿದ್ದು ಯಾಕೆ ಎಂದು ತಿನ್ನುವವರಿಗೆ ಗೊತ್ತಾಗುವುದಿಲ್ಲ.

ಎರಡನೆಯ ವಿಷಯ ಎತ್ತರ. ಹಾಸನ ಸಮುದ್ರಮಟ್ಟದಿಂದ 950 ಮೀಟರ್‌ಗೂ ಹೆಚ್ಚು ಎತ್ತರದಲ್ಲಿದೆ, ಚಿಕ್ಕಮಗಳೂರು ಇನ್ನೂ ಮೇಲೆ, ಸುಮಾರು 1,090 ಮೀಟರ್. ಇಲ್ಲಿ ನೀರು ಕುದಿಯುವುದು 100 ಡಿಗ್ರಿಗಲ್ಲ, 96-97 ಡಿಗ್ರಿ ಸೆಲ್ಸಿಯಸ್‌ಗೆ. ಗಾಳಿಯ ಒತ್ತಡ ಕಡಿಮೆ ಇರುವುದರಿಂದ ಸೋಡಾದಿಂದ ಹುಟ್ಟುವ ಗ್ಯಾಸ್ ಬೇಗ ಹಿಗ್ಗುತ್ತದೆ. ಹಿಟ್ಟು ಗಟ್ಟಿಯಾಗಿ ನಿಲ್ಲುವ ಮೊದಲೇ ಕೇಕ್ ಏರಿ, ಆಮೇಲೆ ನಡುವೆ ಕುಸಿಯುತ್ತದೆ. ಸಕ್ಕರೆ ಹೆಚ್ಚಾದರೆ ಹಿಟ್ಟು ಗಟ್ಟಿಯಾಗುವುದು ಇನ್ನೂ ತಡ. ಹೊರದೇಶದ ಅಳತೆಗಳಲ್ಲಿ ಇಷ್ಟೇ ಮೈದಾಕ್ಕೆ 300 ಗ್ರಾಂ ಸಕ್ಕರೆ, ಸುಮಾರು 2 ಟೀ ಚಮಚ ಸೋಡಾ ಇರುತ್ತದೆ. ಅದನ್ನು ಹಾಗೇ ಇಲ್ಲಿ ಮಾಡಿದರೆ ನಡುವೆ ಗುಂಡಿ ಬೀಳುವುದು ಹೆಚ್ಚುಕಡಿಮೆ ಖಚಿತ. ಕೆಳಗಿನ ಅಳತೆಯಲ್ಲಿ ಎರಡನ್ನೂ ಇಳಿಸಿದೆ.

8 ಇಂಚು ಅಗಲ, 3 ಇಂಚು ಎತ್ತರದ ದುಂಡು ಟಿನ್‌ಗೆ, 12 ತುಂಡು:

ಸ್ಟೌಟ್ – 200 ಮಿ.ಲೀ. (ನೊರೆ ಇಳಿದ ಮೇಲೆ ಅಳೆದದ್ದು)
ಉಪ್ಪಿಲ್ಲದ ಬೆಣ್ಣೆ – 170 ಗ್ರಾಂ
ಸಿಹಿ ಇಲ್ಲದ ಕೋಕೋ ಪೌಡರ್ – 60 ಗ್ರಾಂ
ಸಕ್ಕರೆ – 200 ಗ್ರಾಂ
ಪುಡಿ ಮಾಡಿದ ಕಪ್ಪು ಬೆಲ್ಲ – 70 ಗ್ರಾಂ
ಗಟ್ಟಿ ಮೊಸರು – 110 ಗ್ರಾಂ
ಮೊಟ್ಟೆ – 2 (ಚಿಪ್ಪಿಲ್ಲದೆ ಸುಮಾರು 100 ಗ್ರಾಂ)
ವೆನಿಲಾ ಎಸೆನ್ಸ್ – 1 ಟೀ ಚಮಚ
ಮೈದಾ – 215 ಗ್ರಾಂ
ಅಡುಗೆ ಸೋಡಾ – ಮಟ್ಟಸವಾಗಿ 1½ ಟೀ ಚಮಚ
ಉಪ್ಪು – ½ ಟೀ ಚಮಚ

ಲೋಟ, ಕಪ್ಪಿನ ಲೆಕ್ಕ ಬೇಡ, ತೂಕದ ಯಂತ್ರ ಇಟ್ಟುಕೊಳ್ಳಿ. ಕೋಕೋವನ್ನು ಒತ್ತಿ ತುಂಬಿದ ಕಪ್ಪಿಗೂ ಸಡಿಲವಾಗಿ ತುಂಬಿದ ಕಪ್ಪಿಗೂ ಇಪ್ಪತ್ತು ಮೂವತ್ತು ಗ್ರಾಂ ವ್ಯತ್ಯಾಸ ಬರುವುದುಂಟು. ಮಳೆಗಾಲದಲ್ಲಿ ಡಬ್ಬಿಯೊಳಗೆ ತೇವ ಹಿಡಿದ ಕೋಕೋ ಇನ್ನೂ ಮೋಸ.

ಬೆಣ್ಣೆಯ ವಿಷಯದಲ್ಲಿ ಒಂದು ಎಚ್ಚರ. ನಂದಿನಿಯ ಉಪ್ಪಿಲ್ಲದ ಬೆಣ್ಣೆ ಸುಲಭವಾಗಿ ಸಿಗುತ್ತದೆ, ಅದೇ ಸಾಕು. ಬ್ರೆಡ್ಡಿಗೆ ಸವರುವ ಉಪ್ಪು ಬೆಣ್ಣೆಯೇ ಮನೆಯಲ್ಲಿದ್ದರೆ ಮೇಲಿನ ಅರ್ಧ ಚಮಚ ಉಪ್ಪನ್ನು ಬಿಡಿ. ಮನೆಯಲ್ಲೇ ಕಡೆದ ಬೆಣ್ಣೆಯಲ್ಲಿ ನೀರು, ಮಜ್ಜಿಗೆ ಎರಡೂ ಉಳಿದಿರುತ್ತವೆ, ಪ್ರತಿ ಸಲ ಒಂದೊಂದು ತೂಕ. ಅದನ್ನು ಕಾಯಿಸಿ ತುಪ್ಪ ಮಾಡಿಕೊಂಡು, 140 ಗ್ರಾಂ ತುಪ್ಪಕ್ಕೆ 25 ಮಿ.ಲೀ. ನೀರು ಸೇರಿಸಿದರೆ ಲೆಕ್ಕ ಸರಿಹೋಗುತ್ತದೆ. ಹದ ಮೀರಿ ಕಾಯಿಸಿದ ತುಪ್ಪ ಮಾತ್ರ ಬೇಡ, ಅದರ ಘಮ ಸ್ಟೌಟನ್ನು ನುಂಗಿಬಿಡುತ್ತದೆ.

ಬೆಲ್ಲ ಇಲ್ಲದಿದ್ದರೆ ಪೂರ್ತಿ 270 ಗ್ರಾಂ ಸಕ್ಕರೆಯನ್ನೇ ಹಾಕಬಹುದು. ಆದರೆ ಬೆಲ್ಲಕ್ಕೂ ಸ್ಟೌಟ್‌ಗೂ ಒಳ್ಳೆಯ ಹೊಂದಾಣಿಕೆ. ಜೋನಿ ಬೆಲ್ಲ ಇದ್ದರೆ 80 ಗ್ರಾಂ ಹಾಕಿ, ಸ್ಟೌಟ್ ಅನ್ನು 185 ಮಿ.ಲೀ.ಗೆ ಇಳಿಸಿ, ಯಾಕೆಂದರೆ ಜೋನಿಯಲ್ಲಿ ನೀರಿನ ಅಂಶ ಇದೆ.

ಇನ್ನು ಕಾಫಿ. ಚಿಕ್ಕಮಗಳೂರಿನಲ್ಲಿ ಕೂತು ಚಾಕೊಲೇಟ್ ಕೇಕ್ ಮಾಡುವಾಗ ಡಿಕಾಕ್ಷನ್ ಹಾಕದೆ ಇರುವುದು ಕಷ್ಟ, ಒಪ್ಪೋಣ. ಹಾಕುವುದಾದರೆ 1 ದೊಡ್ಡ ಚಮಚ, ಮೊದಲ ಇಳಿತದ ಗಟ್ಟಿ ಡಿಕಾಕ್ಷನ್, ಚಿಕೋರಿ ಬೆರೆಸದ ಪುಡಿಯದ್ದು. ಅದಕ್ಕಿಂತ ಹೆಚ್ಚಾದರೆ ಅದು ಕಾಫಿ ಕೇಕ್. ದುಡ್ಡು ಕೊಟ್ಟು ತಂದ ಸ್ಟೌಟ್ ಎಲ್ಲಿ ಹೋಯಿತು ಎಂದು ಹುಡುಕಬೇಕಾಗುತ್ತದೆ.

ಸ್ಟೌಟ್‌ನ ಹದ

ಕೇಕ್ ಕೆಡುವುದು ಬಹಳ ಸಲ ಇಲ್ಲೇ, ಓವನ್‌ನಲ್ಲಿ ಅಲ್ಲ. ಬೇಕ್ ಮಾಡುವ ಅರ್ಧ ಗಂಟೆ ಮೊದಲು ಬಾಟಲಿ ತೆರೆದು ಅಗಲ ಬಾಯಿಯ ಪಾತ್ರೆಗೆ ಸುರಿಯಿರಿ. ಚಮಚದಿಂದ ಆಗಾಗ ತಿರುವಿ, ನೊರೆ ಪೂರ್ತಿ ಇಳಿಯಲಿ. ಆಮೇಲೆ ಅಳೆಯಿರಿ. ನೊರೆ ಸಮೇತ 200 ಎಂದು ಅಳೆದದ್ದು, ನೊರೆ ಇಳಿದ ಮೇಲೆ ಎಷ್ಟೋ ಕಡಿಮೆ ಇರುತ್ತದೆ. ಗಿನ್ನೆಸ್ ಡ್ರಾಫ್ಟ್ ಕ್ಯಾನ್ ಆದರಂತೂ ಒಳಗಿನ ಪ್ಲಾಸ್ಟಿಕ್ ಉಂಡೆಯಿಂದ ನೈಟ್ರೋಜನ್ ಹೊರಬಂದು ಸಣ್ಣ ಗುಳ್ಳೆಯ ದಟ್ಟ ನೊರೆ ಏಳುತ್ತದೆ, ಇಳಿಯಲು ಹೊತ್ತು ಹಿಡಿಯುತ್ತದೆ. ಬಿಯರ್‌ನ ಗುಳ್ಳೆ ಉಳಿದರೆ ಕೇಕ್ ಹಗುರವಾಗುತ್ತದೆ ಎಂದು ಕೆಲವರು ಹೇಳುತ್ತಾರೆ. ಬಿಸಿ ಮಾಡಿದ ಕೂಡಲೇ ಆ ಗುಳ್ಳೆಗಳು ಹಾರಿಹೋಗುತ್ತವೆ, ಕೇಕಿನವರೆಗೆ ಬರುವುದೇ ಇಲ್ಲ.

ಅಳೆದ ಸ್ಟೌಟ್, ತುಂಡು ಮಾಡಿದ ಬೆಣ್ಣೆ, ಬೆಲ್ಲ ಮೂರನ್ನೂ ದಪ್ಪ ತಳದ ಪಾತ್ರೆಗೆ ಹಾಕಿ ಸಣ್ಣ ಉರಿಯಲ್ಲಿಡಿ. ಬೆಣ್ಣೆ ಕರಗಿ, ಬೆಲ್ಲ ಕರಗಿ, ಅಂಚಿನಿಂದ ಹಬೆ ಏಳಲು ಶುರುವಾದರೆ ಸಾಕು, ಉರಿ ಆರಿಸಿ. ಕುದಿಸಲೇಬೇಡಿ. ಕುದಿದರೆ ನೀರು ಆರಿ ಸ್ಟೌಟ್ ಗಟ್ಟಿಯಾಗುತ್ತದೆ, ಬಿಯರಿಗೆ ಹಾಕುವ ಹಾಪ್ಸ್ ಹೂವಿನ ಕಹಿ ಮುಂದೆ ಬರುತ್ತದೆ. ನಾಲಿಗೆಯ ಹಿಂಭಾಗಕ್ಕೆ ಹತ್ತುವ ಆ ಕಹಿ ಹುರಿದ ಬಾರ್ಲಿಯದ್ದಲ್ಲ, ಕೇಕಿನಲ್ಲಿ ಹಿತವಾಗುವುದೂ ಇಲ್ಲ. ಬೆಲ್ಲದಲ್ಲಿ ಮರಳು, ಕಸ ಇರುವುದು ಮಾಮೂಲು, ಆದ್ದರಿಂದ ಇಲ್ಲೇ ಒಮ್ಮೆ ಸೋಸಿಬಿಡಿ.

ಬಿಸಿ ಇರುವಾಗಲೇ ಕೋಕೋ ಜರಡಿ ಹಿಡಿದು ಹಾಕಿ, ಸಕ್ಕರೆ ಹಾಕಿ, ವಿಸ್ಕ್‌ನಿಂದ ಗಂಟಿಲ್ಲದಂತೆ ಕಲಸಿ. ಕೋಕೋ ಬಿಸಿ ದ್ರವದಲ್ಲಿ ನೆನೆದರೆ ಅದರ ರುಚಿ ಬಿಡುತ್ತದೆ. ತಣ್ಣನೆಯದಕ್ಕೆ ಹಾಕಿದರೆ ಪುಡಿಪುಡಿಯಾಗಿ ಮೇಲೆ ತೇಲುತ್ತದೆ. ಈಗ ನೋಡಲು ಕನ್ನಡಿಯಂತೆ ಹೊಳೆಯುವ ಕಪ್ಪು ದ್ರವ ಇರಬೇಕು. ಮೇಲೆ ಬೆಣ್ಣೆ ಬೇರೆಯಾಗಿ ಹಳದಿ ಗೆರೆಗಳು ಕಂಡರೆ ಇನ್ನೂ ತಿರುವಬೇಕು ಎಂದರ್ಥ.

ಬೆರಳಿಟ್ಟರೆ ಬೆಚ್ಚಗೆ ಅನಿಸುವಷ್ಟು, ಅಂದರೆ 40 ಡಿಗ್ರಿಯವರೆಗೆ ಆರಲಿ. ಅವಸರ ಮಾಡಿ ಬಿಸಿಗೇ ಮೊಟ್ಟೆ ಹಾಕಿದರೆ ಬಿಳಿಯ ಎಳೆಗಳು ಬೇರೆಯಾಗುತ್ತವೆ, ಮೊಸರು ಒಡೆಯುತ್ತದೆ. ತೀರಾ ತಣ್ಣಗಾದರೂ ಕಷ್ಟ, ಬೆಣ್ಣೆ ಗಡ್ಡೆ ಕಟ್ಟುತ್ತದೆ. ಚಳಿಗಾಲದಲ್ಲಿ ಚಿಕ್ಕಮಗಳೂರಿನ ಅಡುಗೆಮನೆ ಬೆಳಿಗ್ಗೆ 15-16 ಡಿಗ್ರಿಗೆ ಇಳಿದಿರುತ್ತದೆ. ಅಂಥಾ ದಿನ ಫ್ರಿಜ್ಜಿನಿಂದ ತೆಗೆದ ಮೊಟ್ಟೆಯನ್ನು ಐದು ನಿಮಿಷ ಬಿಸಿನೀರಿನಲ್ಲಿಡಿ, ಮೊಸರಿನ ಬಟ್ಟಲನ್ನೂ ಬಿಸಿನೀರಿನ ಮೇಲೆ ಹಿಡಿದು ಚಳಿ ಬಿಡಿಸಿ.

ಮೊಸರು ನೀರು ನೀರಾಗಿದ್ದರೆ ಬಟ್ಟೆಯಲ್ಲಿ ಹದಿನೈದು ನಿಮಿಷ ಕಟ್ಟಿಟ್ಟು ಆಮೇಲೆ ತೂಗಿ. ಹುಳಿ ಸ್ವಲ್ಪ ಇರಲಿ, ಸೋಡಾಕ್ಕೆ ಅದು ಬೇಕು. ತೀರಾ ಹುಳಿ ಮಾತ್ರ ಬೇಡ. ಮೊಟ್ಟೆ, ಮೊಸರು, ವೆನಿಲಾ ಒಟ್ಟಿಗೆ ಗೊಟಾಯಿಸಿ, ಕಪ್ಪು ದ್ರವಕ್ಕೆ ಸೇರಿಸಿ.

ಹಿಟ್ಟು, ಟಿನ್

ಈ ಹಂತಕ್ಕೆ ಬರುವ ಮೊದಲೇ ಓವನ್ 175 ಡಿಗ್ರಿಗೆ ಕಾದಿರಬೇಕು, ಟಿನ್ ತಯಾರಿರಬೇಕು. ಸೋಡಾ ಹುಳಿಗೆ ತಾಗಿದ ಕ್ಷಣದಿಂದ ಗ್ಯಾಸ್ ಬಿಡಲು ಶುರುಮಾಡುತ್ತದೆ. ಹಿಟ್ಟು ಕಲಸಿಟ್ಟು ಬಟರ್ ಪೇಪರ್ ಹುಡುಕುತ್ತಾ ಹೋದರೆ, ಕೇಕಿನ ಅಡಿಯಲ್ಲಿ ಒಂದು ಬೆರಳು ದಪ್ಪ ಅಂಟಂಟು ಪದರ ಬಂದು ಕೂರುತ್ತದೆ.

ಟಿನ್ ತಳಕ್ಕೆ ಬಟರ್ ಪೇಪರ್ ಹಾಕಿ, ಬದಿಗೆ ಬೆಣ್ಣೆ ಸವರಿ ಕೋಕೋ ಉದುರಿಸಿ. ಮೈದಾ ಉದುರಿಸಿದರೆ ಕಪ್ಪು ಕೇಕಿನ ಮೇಲೆ ಬಿಳಿ ಮಚ್ಚೆ ಉಳಿಯುತ್ತದೆ. ತಳ ಬಿಚ್ಚುವ ಟಿನ್ ಆದರೆ ಹೊರಗಿನಿಂದ ಫಾಯಿಲ್ ಸುತ್ತಿ, ಹಿಟ್ಟು ತೆಳುವಾಗಿರುವುದರಿಂದ ಸಂದಿಯಲ್ಲಿ ಸೋರುತ್ತದೆ. 3 ಇಂಚಿನ ಟಿನ್‌ನಲ್ಲಿ ಹಿಟ್ಟು ಅರ್ಧಕ್ಕಿಂತ ಕೆಳಗೆ ನಿಲ್ಲುತ್ತದೆ. 2 ಇಂಚಿನದರಲ್ಲಿ ಮೂರನೇ ಎರಡು ಭಾಗ ತುಂಬಿ ಉಕ್ಕಬಹುದು, ಹಾಗಾಗಿ ಒಂದಿಷ್ಟನ್ನು ಕಪ್‌ಕೇಕ್‌ಗೆ ಎತ್ತಿಡಿ.

ಮೈದಾ, ಸೋಡಾ, ಉಪ್ಪು ಒಟ್ಟಿಗೆ ಎರಡು ಸಲ ಜರಡಿ ಹಿಡಿಯಿರಿ. ಸೋಡಾದ ಒಂದು ಗಂಟು ಉಳಿದರೂ ಅಲ್ಲಿ ಸೋಪು ಕಚ್ಚಿದಂತಾಗುತ್ತದೆ. ಎರಡು ಭಾಗ ಮಾಡಿ ದ್ರವಕ್ಕೆ ಹಾಕಿ, ಒಣಹಿಟ್ಟು ಕಾಣದಷ್ಟಾದರೆ ಕೈ ನಿಲ್ಲಿಸಿ. ಎಲೆಕ್ಟ್ರಿಕ್ ಬೀಟರ್ ಬೇಡ. ಉದ್ದಿನ ದೋಸೆ ಹಿಟ್ಟಿಗಿಂತ ತೆಳ್ಳಗೆ, ನೀರುದೋಸೆಯದ್ದಕ್ಕಿಂತ ದಪ್ಪ ಇರುತ್ತದೆ. ತೆಳುವಾಯಿತಲ್ಲ ಎಂದು ಗಾಬರಿಯಾಗಿ ಮೈದಾ ಸೇರಿಸುವವರೇ ಜಾಸ್ತಿ. ಸೇರಿಸಬೇಡಿ. ಟಿನ್‌ಗೆ ಸುರಿದು ಒಮ್ಮೆ ಕಟ್ಟೆಗೆ ತಟ್ಟಿ, ಓವನ್‌ಗೆ.

ಓಟಿಜಿಯಲ್ಲಿ

ಓಟಿಜಿ ಎಂದರೆ ಕರೆಂಟಿನ ಸಣ್ಣ ಓವನ್. ನಡುವಿನ ತಟ್ಟೆಗಿಂತ ಒಂದು ಮೆಟ್ಟಿಲು ಕೆಳಗೆ, ಮೇಲೆ ಕೆಳಗೆ ಎರಡೂ ರಾಡ್, 175 ಡಿಗ್ರಿ, 50ರಿಂದ 55 ನಿಮಿಷ. ಓಟಿಜಿಯ ತಿರುಗುಣಿ ತೋರಿಸುವ ಶಾಖಕ್ಕೂ ಒಳಗಿನ ಶಾಖಕ್ಕೂ ಹದಿನೈದಿಪ್ಪತ್ತು ಡಿಗ್ರಿ ವ್ಯತ್ಯಾಸ ಇರುವುದು ಸಾಮಾನ್ಯ. ಒಳಗೆ ನೇತುಹಾಕುವ ಸಣ್ಣ ಓವನ್ ಥರ್ಮಾಮೀಟರ್ ಒಂದಿದ್ದರೆ ಅರ್ಧ ತಲೆನೋವು ಕಡಿಮೆ. 25 ಲೀಟರ್‌ಗಿಂತ ಸಣ್ಣ ಓಟಿಜಿಯಲ್ಲಿ ಮೇಲಿನ ರಾಡ್ ಕೇಕಿಗೆ ತೀರಾ ಹತ್ತಿರ. ಮೇಲ್ಭಾಗ ಬೇಗ ಗಟ್ಟಿಯಾಗಿ, ಒಳಗಿನದು ಆಮೇಲೆ ಏರಿ ಬಿರುಕು ಬಿಡುತ್ತದೆ. 35 ನಿಮಿಷ ಆದ ಮೇಲೆ ಫಾಯಿಲ್ ಮುಚ್ಚಿ. ಅದಕ್ಕೂ ಮೊದಲು ಬಾಗಿಲು ತೆರೆಯಬೇಡಿ.

ಬೆಂದಿದೆಯೇ ಎಂದು ನೋಡಲು ಕಡ್ಡಿ ಚುಚ್ಚಿ. ಹಸಿ ಹಿಟ್ಟು ಅಂಟಬಾರದು, ಆದರೆ ಒಂದೆರಡು ಒದ್ದೆ ಚೂರು ಅಂಟಿ ಬರಬೇಕು. ಕಡ್ಡಿ ಪೂರ್ತಿ ಒಣಗಿ ಬಂದರೆ ಕೇಕ್ ಆಗಲೇ ಒಣಗಿದೆ. ಥರ್ಮಾಮೀಟರ್ ಚುಚ್ಚಿ ನೋಡುವವರಿಗೆ ಒಂದು ಮಾತು: ಹೊರಗಿನ ಪುಸ್ತಕಗಳಲ್ಲಿ 98-99 ಡಿಗ್ರಿ ಎಂದಿರುತ್ತದೆ. ನೀರೇ 96-97ಕ್ಕೆ ಕುದಿಯುವ ಕಡೆ ಕೇಕಿನ ನಡುಭಾಗ ಅಲ್ಲಿಗೆ ಮುಟ್ಟುವುದಿಲ್ಲ, ಕಾಯುತ್ತಾ ಕೂತರೆ ರಸ್ಕ್ ಆಗುತ್ತದೆ. ಇಲ್ಲಿ 94-95 ಬಂದರೆ ತೆಗೆಯಿರಿ.

ಜೂನ್‌ನಿಂದ ಸೆಪ್ಟೆಂಬರ್ ತನಕ ಕರೆಂಟ್‌ನ ನಂಬಿಕೆ ಇಲ್ಲ. ಓಟಿಜಿ 1,500ರಿಂದ 2,000 ವಾಟ್ ಎಳೆಯುತ್ತದೆ, ಮನೆಯ ಯುಪಿಎಸ್ ಅದನ್ನು ತಡೆಯುವುದಿಲ್ಲ. ಗಾಳಿ ಮಳೆ ಇರುವ ದಿನ ಮಾಡಲೇಬೇಕಿದ್ದರೆ, ಟಿನ್ ಹಿಡಿಸುವ ದೊಡ್ಡ ಪಾತ್ರೆಗೆ ಉಪ್ಪು, ಸ್ಟ್ಯಾಂಡ್ ಹಾಕಿ ಒಲೆಯ ಪಕ್ಕ ಇಟ್ಟುಕೊಳ್ಳಿ. ಮೊದಲ ಅರ್ಧ ಗಂಟೆಯೊಳಗೆ ಕರೆಂಟ್ ಹೋದರೆ, ಓವನ್ ಬಾಗಿಲು ಮುಚ್ಚಿಟ್ಟೇ ಪಾತ್ರೆಯನ್ನು ಜೋರು ಉರಿಯಲ್ಲಿ ಐದಾರು ನಿಮಿಷ ಕಾಯಿಸಿ, ಟಿನ್ ಅನ್ನು ಅಲುಗಿಸದೆ ಅದಕ್ಕೆ ವರ್ಗಾಯಿಸಿ. ಸ್ವಲ್ಪ ಕುಸಿಯುತ್ತದೆ, ತಿನ್ನಲು ಅಡ್ಡಿಯಿಲ್ಲ. 45 ನಿಮಿಷ ದಾಟಿದ ಮೇಲೆ ಹೋದರೆ ಏನೂ ಮಾಡಬೇಡಿ, ಒಳಗಿನ ಬಿಸಿಯಲ್ಲೇ ಕಾಲು ಗಂಟೆ ಬಿಟ್ಟು ನೋಡಿ.

ಓವನ್ ಇಲ್ಲದವರಿಗೆ

ಎಲ್ಲ ಅಳತೆಯನ್ನೂ ಅರ್ಧ ಮಾಡಿ, 6 ಇಂಚಿನ ಟಿನ್‌ನಲ್ಲಿ ಕುಕ್ಕರ್‌ನಲ್ಲೇ ಮಾಡಬಹುದು. ಗ್ಯಾಸ್ಕೆಟ್ ಮತ್ತು ವಿಸಿಲ್ ತೆಗೆಯುವುದು ಕಡ್ಡಾಯ. ತಳಕ್ಕೆ ಎರಡು ಲೋಟ ಪುಡಿಉಪ್ಪು, ಮೇಲೆ ಸ್ಟ್ಯಾಂಡ್, ಮಧ್ಯಮ ಉರಿಯಲ್ಲಿ ಹತ್ತು ನಿಮಿಷ ಕಾಯಿಸಿ. ಟಿನ್ ಇಟ್ಟು ಮುಚ್ಚಿ, ಉರಿ ಸಣ್ಣಗೆ ಮಾಡಿ 45-50 ನಿಮಿಷ. ನೀರು ಹಾಕಬಾರದು. ಮೇಲಿನಿಂದ ಶಾಖ ಇಲ್ಲದ ಕಾರಣ ಮೇಲ್ಮೈ ಮೆತ್ತಗೆ, ಅಂಟಂಟಾಗಿ ಉಳಿಯುತ್ತದೆ. ಬಿಳಿ ಕ್ರೀಮ್ ಹಚ್ಚುವವರಿಗೆ ಅದೊಂದು ತೊಂದರೆಯೇ ಅಲ್ಲ.

ಬಿಯರ್ ಬೇಡ ಎನ್ನುವ ಮನೆಗೆ

200 ಮಿ.ಲೀ. ಸ್ಟೌಟ್‌ನಲ್ಲಿ ಶೇ 5ರಂತೆ 10 ಮಿ.ಲೀ. ಆಲ್ಕೋಹಾಲ್ ಇರುತ್ತದೆ. ಬೇಯುವಾಗ ಪೂರ್ತಿ ಆರುತ್ತದೆ ಎನ್ನುವುದು ತಪ್ಪು ನಂಬಿಕೆ. ಒಂದು ಗಂಟೆಯ ಬೇಕಿಂಗ್ ನಂತರವೂ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಉಳಿಯಬಹುದು. 12 ತುಂಡಿಗೆ ಹಂಚಿದರೆ ತುಂಡಿಗೆ ಸುಮಾರು ಕಾಲು ಮಿ.ಲೀ. ಅಮಲೇರುವ ಮಾತೇ ಇಲ್ಲ. ಆದರೂ ಮುಟ್ಟದವರು ಮುಟ್ಟುವುದಿಲ್ಲ. ಬಂದ ನೆಂಟರಿಗೆ ತಟ್ಟೆ ಕೊಡುವ ಮೊದಲೇ ಹೇಳಿಬಿಡಿ.

ಅವರಿಗಾಗಿ ಬಾರ್ಲಿಯನ್ನೇ ಹುರಿಯಿರಿ. ದಿನಸಿ ಅಂಗಡಿಯ ಬಾರ್ಲಿ 50 ಗ್ರಾಂ, ಕಬ್ಬಿಣದ ಬಾಣಲೆ, ಸಣ್ಣ ಉರಿ, ಕೈ ಬಿಡದೆ 20ರಿಂದ 25 ನಿಮಿಷ. ಹುರಿದ ಕಾಫಿಬೀಜದ ಬಣ್ಣ ಬಂದಾಗ ನಿಲ್ಲಿಸಿ. ಇದ್ದಿಲಾದರೆ ಸುಟ್ಟ ವಾಸನೆ ಕೇಕ್ ತುಂಬಾ ಹಬ್ಬುತ್ತದೆ. 400 ಮಿ.ಲೀ. ನೀರಿನಲ್ಲಿ ಕಾಲು ಗಂಟೆ ಕುದಿಸಿ, ಹಿಂಡದೆ ಸೋಸಿ. ಹಿಂಡಿದರೆ ಗಂಜಿ ಇಳಿದು ಲೋಳೆಯಾಗುತ್ತದೆ. ಈ ಕಷಾಯ 180 ಮಿ.ಲೀ., ಗಟ್ಟಿ ಡಿಕಾಕ್ಷನ್ 20 ಮಿ.ಲೀ., ಹುಳಿಗೆ 1 ಟೀ ಚಮಚ ನಿಂಬೆರಸ. ಸ್ಟೌಟ್ ಜಾಗದಲ್ಲಿ ಇದನ್ನು ಹಾಕಿ, ಉಳಿದದ್ದೆಲ್ಲ ಹಾಗೇ. ಮೊಟ್ಟೆಯೂ ಬೇಡ ಎಂದಾದರೆ ಮೊಸರನ್ನು 190 ಗ್ರಾಂ ಮಾಡಿ. ತುಂಡು ಸ್ವಲ್ಪ ಉದುರುತ್ತದೆ, ಪೂರ್ತಿ ತಣ್ಣಗಾಗುವ ಮೊದಲು ಕೊಯ್ಯಬೇಡಿ.

ಮೇಲಿನ ನೊರೆ

ಕೇಕನ್ನು ಟಿನ್‌ನಲ್ಲೇ ಅರ್ಧ ಗಂಟೆ ಬಿಟ್ಟು ಮಗುಚಿ. ಬಿಸಿಯಲ್ಲಿ ಮಗುಚಿದರೆ ನಡುವೆ ಸೀಳುತ್ತದೆ. ಪೂರ್ತಿ ಆರಿದ ಮೇಲೆ, ಸಾಧ್ಯವಾದರೆ ಮಾರನೆಯ ದಿನ, ಮೇಲ್ಭಾಗಕ್ಕೆ ಮಾತ್ರ ಬಿಳಿ ಕ್ರೀಮ್ ಹಚ್ಚುವುದು ವಾಡಿಕೆ, ಲೋಟದ ಮೇಲಿನ ನೊರೆ ನೆನಪಾಗಲೆಂದು. ಕ್ರೀಮ್ ಚೀಸ್ 200 ಗ್ರಾಂ, ಐಸಿಂಗ್ ಸಕ್ಕರೆ 80 ಗ್ರಾಂ ನುಣ್ಣಗೆ ಕಲಸಿ, ಗಟ್ಟಿಯಾಗಿ ಬೀಟ್ ಮಾಡಿದ 100 ಮಿ.ಲೀ. ವಿಪ್ಪಿಂಗ್ ಕ್ರೀಮ್ ಸೇರಿಸಿ. ಶೇ 25ರ ಕೊಬ್ಬಿನ ಪ್ಯಾಕೆಟ್ ಫ್ರೆಶ್ ಕ್ರೀಮ್ ಎಷ್ಟು ಬಡಿದರೂ ನಿಲ್ಲುವುದಿಲ್ಲ. ಕ್ರೀಮ್ ಚೀಸ್ ದುಬಾರಿ ಎನಿಸಿದರೆ ಅರ್ಧ ಕೆಜಿ ಗಟ್ಟಿ ಮೊಸರನ್ನು ರಾತ್ರಿಯಿಡೀ ಫ್ರಿಜ್ಜಿನೊಳಗೆ ಬಟ್ಟೆಯಲ್ಲಿ ಕಟ್ಟಿಡಿ, 200 ಗ್ರಾಂ ಹತ್ತಿರ ಸಿಗುತ್ತದೆ. ಹೊರಗೆ ಕಟ್ಟಿದರೆ ಹುಳಿಯಾಗುತ್ತದೆ.

ಕೆಟ್ಟರೆ ಯಾಕೆ

ನಡುವೆ ಗುಂಡಿ ಬಿದ್ದು, ಗುಂಡಿಯ ಕೆಳಗೆ ಹಸಿ ಇದ್ದರೆ ಬೆಂದಿಲ್ಲ. ಗುಂಡಿ ಇದ್ದೂ ಬೆಂದಿದ್ದರೆ ಸೋಡಾ ಹೆಚ್ಚು: ಚಮಚ ಗೋಪುರವಾಗಿ ತುಂಬಿದ್ದೀರಿ. ಮೂಡಿಗೆರೆ, ಕೊಪ್ಪದ ಕಡೆಯ ತೋಟದ ಮನೆಗಳಲ್ಲಿ ಇನ್ನೊಂದು ತೊಂದರೆ, ಮಳೆಗಾಲದಲ್ಲಿ ಸೋಡಾ ತೇವ ಹಿಡಿದು ಸತ್ತಿರುತ್ತದೆ, ಕೇಕ್ ಏಳುವುದೇ ಇಲ್ಲ. ಒಂದು ಚಿಟಿಕೆಗೆ ನಿಂಬೆರಸ ಬಿಟ್ಟು ನೋಡಿ, ಬುಸ್ಸೆನ್ನಬೇಕು. ತಳ ಜಿಡ್ಡಾಗಿದ್ದರೆ ಬೆಣ್ಣೆ ಬೇರೆಯಾದಾಗಲೇ ಹಿಟ್ಟು ಹಾಕಿದ್ದೀರಿ. ರಬ್ಬರಿನಂತಿದ್ದರೆ ಹೆಚ್ಚು ಕಲಸಿದ್ದೀರಿ. ಚಾಕೊಲೇಟ್ ರುಚಿ ಮಂಕಾಗಿದ್ದರೆ ಕೋಕೋ ಹಳೆಯದು, ಅಥವಾ ಸಕ್ಕರೆ ಬೆರೆಸಿದ ಡ್ರಿಂಕಿಂಗ್ ಚಾಕೊಲೇಟ್ ಹಾಕಿದ್ದೀರಿ.

ಕ್ರೀಮ್ ಇಲ್ಲದ ಕೇಕ್ ಮುಚ್ಚಿದ ಡಬ್ಬಿಯಲ್ಲಿ ಮೂರು ದಿನ ಹೊರಗಿರುತ್ತದೆ, ಎರಡನೆಯ ದಿನಕ್ಕೆ ರುಚಿ ಕೂಡಿ ಇನ್ನೂ ಚೆನ್ನಾಗಿರುತ್ತದೆ. ಮಳೆಗಾಲದಲ್ಲಿ ಒಂದೇ ದಿನ, ಆಮೇಲೆ ಫ್ರಿಜ್. ಫ್ರಿಜ್ಜಿನಲ್ಲಿಟ್ಟದ್ದನ್ನು ತಿನ್ನುವ ಅರ್ಧ ಗಂಟೆ ಮೊದಲು ಹೊರಗೆ ತೆಗೆದಿಡಿ, ಇಲ್ಲದಿದ್ದರೆ ಬೆಣ್ಣೆ ಬಿಗಿದುಕೊಂಡು ಕೇಕ್ ಗಟ್ಟಿ ಎನಿಸುತ್ತದೆ.